ಇಪ್ಪತ್ತೈದು ಎಂದು ಬರೆದ ಹನ್ನೆರಡು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಕರೆಂಟು ಬಲ್ಲವನಿಗೆ ಎರಡೂ ತಪ್ಪಿದ್ದಲ್ಲ. ಹಿರಿಯರು ಈ ಗಾದೆಯನ್ನು ಮುಕ್ಕಾಲಿಗೇ ಬಿಟ್ಟು ಹೋದದ್ದು ಅವರ ಕಾಲಕ್ಕೆ ಇನ್ನೂ ಲೈನು ಎಳೆದಿರಲಿಲ್ಲವೆಂಬ ಒಂದೇ ಕಾರಣಕ್ಕೆ. ಉಳಿದ ಕಾಲು ಭಾಗ ಶಹಾಪುರದ ಒಂದು ಬೇಳೆ ಮಿಲ್ಲಿನಲ್ಲಿ, ತೊಗರಿ ಸುಗ್ಗಿಯ ಒಂದು ಮಂಗಳವಾರ, ಹಗಲು ಹನ್ನೊಂದರಿಂದ ಎರಡರೊಳಗೆ ಪೂರ್ತಿಯಾಯಿತು. ಇದು ನಡೆದದ್ದು. ಕಟ್ಟಿದ ಕಥೆಯಾಗಿದ್ದರೆ ಕೊನೆಗೊಂದು ಸ್ಫೋಟವಾದರೂ ಇರುತ್ತಿತ್ತು; ಇದರಲ್ಲಿ ಒಂದು ಫ್ಯೂಸು ಕೂಡ ಹೋಗುವುದಿಲ್ಲ. ಹೋಗುವುದು ಬುದ್ಧಪ್ರಿಯನ ಮಾನವೊಂದೇ, ಅದೂ ಕಂತಿನಲ್ಲಿ.

ಯಾದಗಿರಿಯಿಂದ ಹೊರಟ ಬಸ್ಸು ಭೀಮಾ ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡಾಗ ಬುದ್ಧಪ್ರಿಯ ತೊಡೆಯ ಮೇಲಿನ ಡಬ್ಬಿಯನ್ನು ನಾಲ್ಕನೆಯ ಸಲ ತೆರೆದ. ಒಳಗೆ ಅಂಗೈಯಗಲದ ಒಂದು ಕಾಂಟ್ಯಾಕ್ಟರು ಮಲಗಿತ್ತು. ಹಸಿರು ಗುಂಡಿ ಒತ್ತಿದರೆ ಅದರ ಹೊಟ್ಟೆಯೊಳಗಿನ ಸುರುಳಿ ಆಯಸ್ಕಾಂತವಾಗಿ, ಟಕ್ ಎಂದು ಎಳೆದುಕೊಂಡು ಮೋಟಾರಿಗೆ ಕರೆಂಟು ಕೊಡುತ್ತದೆ. ಕೆಂಪು ಗುಂಡಿ ಒತ್ತಿದರೆ ಟಕ್ ಎಂದು ಬಿಟ್ಟುಕೊಡುತ್ತದೆ. ಹಿಡಿಯುವುದು, ಬಿಡುವುದು, ಅಷ್ಟೇ ಅದರ ಕಸುಬು. ಅದರ ಎದೆಯ ಮೇಲೆ ಇಪ್ಪತ್ತೈದು ಆಂಪಿಯರ್ ಎಂದು ದಪ್ಪಗೆ ಅಚ್ಚಾಗಿತ್ತು. ಆದರೆ ಡಬ್ಬಿಯ ಮಗ್ಗುಲಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಪಟ್ಟಿ: ಎಸಿ-ಒನ್ ಇಪ್ಪತ್ತೈದು, ಎಸಿ-ತ್ರೀ ಹನ್ನೆರಡು. ಬಸ್‌ಸ್ಟ್ಯಾಂಡು ಬಿಟ್ಟ ಮೇಲೆ ಮೊಬೈಲಿನಲ್ಲಿ ಹುಡುಕಿದಾಗ ಅದು ಎರಡೇ ಸಾಲಿನಲ್ಲಿ ವಿವರಿಸಿಬಿಟ್ಟಿತ್ತು. ಮೊದಲನೆಯ ಅಂಕಿ ಹೀಟರಿನಂಥ ಸಾಧು ಪ್ರಾಣಿಗಳಿಗೆ, ಎರಡನೆಯದು ಶುರುವಾಗುವಾಗ ಆರು ಪಟ್ಟು ಎಳೆದು ಒದೆಯುವ ಮೋಟಾರಿಗೆ. ಶಹಾಪುರದ ಮಿಲ್ಲಿನ ಮೋಟಾರು ಹತ್ತು ಎಚ್‌ಪಿ, ಎಳೆಯುವುದು ಹದಿನಾಲ್ಕೂವರೆ ಆಂಪಿಯರ್. ತೊಡೆಯ ಮೇಲಿದ್ದದ್ದು ಹೀಟರಿನ ಮುಂದೆ ಹೋರಿ, ಮೋಟಾರಿನ ಮುಂದೆ ಕರು. "ಯಾವ ಮೋಟಾರಿಗ್ರಿ ಅಣ್ಣಾ?" ಎಂದು ಅಂಗಡಿಯ ತೌಫೀಕ್ ಕೇಳಿದ್ದ. ಹತ್ತು ಎಚ್‌ಪಿ ಅಂದಾಗ, "ಹಂಗಾದ್ರ ಹದಿನೆಂಟರದು ಒಯ್ರಿ" ಎಂದು ಬೇರೊಂದು ಡಬ್ಬಿಗೆ ಕೈ ಹಾಕಿದ್ದ. ಅವನು ಹೇಳಿದ್ದು ಮೋಟಾರಿನ ಅಂಕಿ. ಸ್ಟೇಷನ್ ರಸ್ತೆಯ ಆ ಅಂಗಡಿಯಲ್ಲಿ ಬೆಳಿಗ್ಗೆ ಇನ್ನೂ ನಾಲ್ವರು ಗಿರಾಕಿಗಳಿದ್ದರು, ಅದೇ ತಪ್ಪಾಯಿತು. ಬುದ್ಧಪ್ರಿಯ ಕಪಾಟಿನ ಕಡೆ ಬೆರಳು ಮಾಡಿ, "ಇಪ್ಪತ್ತೈದರದು ಕಣ್ಣ ಮುಂದ ಕುಂತದ, ಹದಿನೆಂಟರದು ಯಾಕಪಾ? ದೊಡ್ಡದು ಮನಿಗೆ ಒಯ್ಯಾಕ ಇಟ್ಟಿಯೇನು?" ಅಂದಿದ್ದ. "ಅಣ್ಣಾ, ಅದು ಎಸಿ-ಒನ್ ಇಪ್ಪತ್ತೈದು. ಮೋಟಾರಿಗೆ ನೋಡಬೇಕಂದ್ರ—" "ತೌಫೀಕ್, ನೀ ಚಡ್ಡಿ ಮ್ಯಾಲ ಎಳಕೋತ ಸಾಲಿಗೆ ಹೋಗ್ತಿದ್ದಿ ನೋಡು, ಆವಾಗಿಂದ ಪ್ಯಾನೆಲ್ ಕಟ್ಟಾಕತ್ತೇನಿ ನಾ. ಕಟ್ಟಿ ಕೊಡು." ನಾಲ್ವರೂ ನಕ್ಕಿದ್ದರು. "ನಿಮ್ಮ ಮರ್ಜಿರಿ" ಎಂದು ತೌಫೀಕ್ ಕಟ್ಟಿಕೊಟ್ಟಿದ್ದ. ಆ ನಗುವಿನಲ್ಲಿ ತಾನೊಂದು ಗೇಣು ಎತ್ತರವಾದೆನೆಂದು ಆಗ ಅನ್ನಿಸಿತ್ತು; ಅದೇ ನಗು ಈಗ, ಟ್ರ್ಯಾಕ್ಟರಿನ ಹಿಂದೆ, ಬೇರೆ ಥರ ಕೇಳಿಸತೊಡಗಿತು. ಆ ನಾಲ್ವರಲ್ಲಿ ಪಟ್ಟಿ ಓದಬಲ್ಲವರು ಎಷ್ಟು ಜನ ಇದ್ದರೋ.

ಹದಿನಾಲ್ಕು ವರ್ಷ ಪ್ಯಾನೆಲ್, ಅಂದರೆ ಮೋಟಾರು ನಡೆಸುವ ಸ್ವಿಚ್ಚಿನ ಪೆಟ್ಟಿಗೆ, ಕಟ್ಟಿದ್ದು ಸುಳ್ಳಲ್ಲ. ಶಹಾಪುರದ ಮೈನುದ್ದೀನ ಉಸ್ತಾದರ ಕಾರ್ಖಾನೆಯಲ್ಲಿ ತಂತಿ ಬಾಗಿಸಿದ್ದು, ತುದಿ ಸುಲಿದದ್ದು, ನಂಬರು ತೊಡಿಸಿದ್ದು, ಜಡೆ ಹೆಣೆದ ಹಾಗೆ ಸಾಲಾಗಿ ಕೂರಿಸಿದ್ದು ಎಲ್ಲ ಇವನ ಕೈಯೇ. ಆದರೆ ಕಾಂಟ್ಯಾಕ್ಟರು ಆರಿಸುವುದು ಉಸ್ತಾದರ ಹಕ್ಕಾಗಿತ್ತು, ಅದಕ್ಕವರ ಹತ್ತಿರ ಪಟ್ಟಿ ಇರಲಿಲ್ಲ, ಅಂಗೈ ಇತ್ತು. ಸಂತೆಯಲ್ಲಿ ಬದನೆಕಾಯಿ ಆರಿಸುವವರಂತೆ ಒಂದೊಂದನ್ನೇ ಎತ್ತಿ, ತೂಗಿ, ಕಣ್ಣು ಮುಚ್ಚಿ, "ಯೇ ಹಲ್ಕಾ ಹೈ, ದೂಸ್ರಾ ಲಾವ್" ಅನ್ನುತ್ತಿದ್ದರು. ಹಗುರವಾದದ್ದು ಬೇಡ, ಭಾರದ್ದು ಬೇಕು; ಇಷ್ಟೇ ಅವರ ಶಾಸ್ತ್ರ. ಅಂಗೈಯನ್ನು ಶಿಷ್ಯನಿಗೆ ಕೊಡುವುದು ಹೇಗೆ? ಕಣ್ಣಿಗೆ ಪೊರೆ ಬಂದಮೇಲೆ ಅವರು ಬೇಳೆ ಮಿಲ್ಲಿನ ಅಯ್ಯಣ್ಣ ಸಾವ್ಕಾರರಿಗೆ, "ನನ್ನ ಹುಡುಗ ಮಾಡ್ತಾನ, ಬೇಫಿಕರ್ ಇರ್ರಿ" ಎಂದು ಹೇಳಿ ಈ ಕೆಲಸ ಕೊಡಿಸಿದ್ದರು. ಮೊದಲು ತೊಗರಿಯ ಸಿಪ್ಪೆ ಸುಲಿಯುವ ರೋಲರಿನ ಪ್ಯಾನೆಲ್. ಅದು ಸರಿಬಂದರೆ ಉಳಿದ ನಾಲ್ಕು ಮೋಟಾರಿನವೂ ಅವನಿಗೇ. ಮೂವತ್ತನಾಲ್ಕು ವಯಸ್ಸಿನ ಬುದ್ಧಪ್ರಿಯ ಎಲ್ಲಕ್ಕಿಂತ ಮೊದಲು ಮಾಡಿದ್ದು ಹೆಸರಿನ ತಗಡು. 'ಬುದ್ಧಪ್ರಿಯ ಪ್ಯಾನೆಲ್ಸ್, ರಂಗಂಪೇಟೆ.' ಸುರಪುರದಲ್ಲಿ ಕೆತ್ತಿಸಿ, ಹೆಂಡತಿಗೆ ತೋರಿಸಿ, ನಾಲ್ಕು ದಿನ ತಲೆದಿಂಬಿನ ಹತ್ತಿರ ಇಟ್ಟುಕೊಂಡು, ನಿನ್ನೆ ಪ್ಯಾನೆಲ್ಲಿನ ಬಾಗಿಲಿಗೆ ಜಡಿದಿದ್ದ. ಪೆಟ್ಟಿಗೆ ಗೋಡೆಗೆ ಏರಿತ್ತು, ತಂತಿ ಎಲ್ಲ ಮುಗಿದಿತ್ತು. ಹೆಸರು ಕೂತಿತ್ತು. ಕಾಂಟ್ಯಾಕ್ಟರ್ ಕೂರುವ ಜಾಗ ಮಾತ್ರ ಹಲ್ಲು ಬಿದ್ದ ಒಸಡಿನ ಹಾಗೆ ಖಾಲಿಯಿತ್ತು. ವಡಗೇರಾದ ಕಡೆಗೆ ರಸ್ತೆ ಒಡೆಯುವಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ ಹೋಗಬಹುದಿತ್ತು. ಒಬ್ಬ ಅಜ್ಜಿ ಇಳಿದಳು, ಎರಡು ಕೋಳಿ ಇಳಿದವು. ಬುದ್ಧಪ್ರಿಯ ಕಾಲು ಮಡಚಿ ಕೋಳಿಗೆ ದಾರಿ ಬಿಟ್ಟು ಮತ್ತೆ ಕೂತುಕೊಂಡ. ಹದಿನೆಂಟರದ್ದು ಕೊಡು ಎಂದು ತೌಫೀಕನ ಮುಂದೆ ಹೋಗಿ ನಿಲ್ಲುವುದಕ್ಕಿಂತ ಹನ್ನೆರಡರದ್ದಕ್ಕೆ ಧೈರ್ಯ ಹೇಳುವುದು ಸುಲಭವೆನ್ನಿಸಿತು. ಸುಗ್ಗಿ ಮುಗಿಯಲಿ, ಒಂದು ಭಾನುವಾರ ಬಂದು ಯಾರಿಗೂ ಹೇಳದೆ ಬದಲಿಸಿದರಾಯಿತು. ಎರಡೂವರೆ ಆಂಪಿಯರ್ ಕಡಿಮೆ. ಮನುಷ್ಯರು ಇದಕ್ಕಿಂತ ಹೆಚ್ಚು ಕಡಿಮೆ ಇದ್ದುಕೊಂಡು ಸಂಸಾರ ಮಾಡುತ್ತಾರೆ.

"ಬಂತೇನಪಾ ಕಂಡಕ್ಟರ್?" ಎಂದು ಮಿಲ್ಲಿನ ಬಾಗಿಲಲ್ಲೇ ಅಯ್ಯಣ್ಣ ಕೇಳಿದರು. "ಕಾಂಟ್ಯಾಕ್ಟರ್ ರೀ ಸಾವ್ಕಾರ್ರೆ." "ಅದಽ, ಅದಽ. ಹನ್ನೆರಡೂ ನಲವತ್ತಕ್ಕ ಮುಹೂರ್ತ ಅದ. ಅಷ್ಟರಾಗ ರೋಲರ್ ತಿರುಗಬೇಕು ನೋಡು." ರೋಲರು ನಿಂತು ಹತ್ತು ದಿನವಾಗಿತ್ತು. ಮಿಲ್ಲಿನೊಳಗೆ ಯಾವ ಯಂತ್ರವೂ ಓಡದ್ದರಿಂದ ತಗಡಿನ ಮೇಲೆ ಪಾರಿವಾಳ ನಡೆಯುವುದೂ ಕೇಳಿಸುತ್ತಿತ್ತು. ಪ್ಯಾನೆಲ್ಲಿನಿಂದ ನಾಲ್ಕು ಮಾರು ದೂರದಲ್ಲಿ ಆರು ಮಂದಿ ಹೆಂಗಸರು ಮೊರ ಹಿಡಿದು ಕಾಳು ಹಸನು ಮಾಡುತ್ತ ಕೂತಿದ್ದರು. ಅವರಲ್ಲಿ ಹಿರಿಯಳಾದ ದೇವಕಮ್ಮ, ಅವನು ಪೆಟ್ಟಿಗೆಯ ಬಾಗಿಲು ತೆರೆದದ್ದೇ ಮೊರ ಬದಿಗಿಟ್ಟು ಬಂದು ಹಣಕಿದಳು. "ಎಷ್ಟು ಚಂದ ಹೆಣೆದಿ ತಮ್ಮಾ. ಇದರೊಳಗ ಯಾವುದು ಏನ್ ಮಾಡ್ತದ?" ಬೇರೆ ದಿನವಾಗಿದ್ದರೆ ಬುದ್ಧಪ್ರಿಯ ಒಂದು ಗಂಟೆ ಹೇಳುತ್ತಿದ್ದ, ಕೇಳುವವರು ಸಾಕೆಂದರೂ ಬಿಡುತ್ತಿರಲಿಲ್ಲ. ಇವತ್ತು ಅವನಿಗೆ ಪೆಟ್ಟಿಗೆಯ ಕಡೆ ಯಾರು ನೋಡಿದರೂ ಡಬ್ಬಿಯ ಮಗ್ಗುಲಿನ ಪಟ್ಟಿ ಓದುತ್ತಿದ್ದಾರೆ ಅನ್ನಿಸುತ್ತಿತ್ತು. "ಅದು ನಿಮಗ ತಿಳಿಯಂಗಿಲ್ಲವ್ವಾ. ದೂರ ಹೋಗ್ರಿ, ಸೀರಿಯಿಂದ ಹೊಟ್ಟು ಹಾರ್ತದ" ಎಂದ. ದೇವಕಮ್ಮ ಸೀರೆಯ ಕಡೆ ನೋಡಿಕೊಂಡಳು. "ಹೌದು ಬಿಡಪಾ. ಇಪ್ಪತ್ತೆರಡು ವರ್ಷ ಇದ ಹೊಟ್ಟಿನಾಗ ಕುಂತವರಿಗೆ ಏನ್ ತಿಳೀತದ" ಎಂದು ಹೋಗಿ ಕೂತಳು. ಹೇಳಿದ ಮಾತು ಬಾಯಿಂದ ಹೊರಬಿದ್ದ ಮರುಕ್ಷಣವೇ ಅವನಿಗೆ ಅದರ ದನಿ ಗುರುತಾಯಿತು. ಇವನು ಡಿಪ್ಲೊಮಾಕ್ಕೆ ಸೇರಿದ ವರ್ಷ ಕಾಲೇಜು ಆಫೀಸಿನ ಗುಮಾಸ್ತನೊಬ್ಬ ಫಾರಂ ಕಿತ್ತುಕೊಂಡು ಇದೇ ರಾಗದಲ್ಲಿ "ನಿಮಗೆ ತಿಳಿಯೋದಿಲ್ಲ, ದೂರ ನಿಲ್ಲಿ" ಅಂದಿದ್ದ. ಹದಿನೇಳು ವರ್ಷ ಜೋಪಾನವಾಗಿಟ್ಟುಕೊಂಡಿದ್ದ ಅವಮಾನವನ್ನು ಬಡ್ಡಿ ಸಮೇತ ತಪ್ಪು ವಿಳಾಸಕ್ಕೆ ತಲುಪಿಸಿದಂತಾಯಿತು.

ಬುದ್ಧಪ್ರಿಯನಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ದೇವಕಮ್ಮನ ಗಂಟಲಿನೊಳಗೆ ಇಡೀ ಮಿಲ್ಲು ಇತ್ತು. ಅಯ್ಯಣ್ಣ ಸಾವ್ಕಾರರು ಲೆಕ್ಕ ಕೇಳುವ ಮೊದಲು ಕೆಮ್ಮುವ ಎರಡು ಕೆಮ್ಮು, ತೂಕದ ಕಟ್ಟೆಯ ಲಾರಿಯ ರಿವರ್ಸ್ ಪೀಪಿ, ಜರಡಿ ಯಂತ್ರದ ಗೂರಲು, ಎಲ್ಲವನ್ನೂ ಅವಳು ತುಟಿ ಅಲ್ಲಾಡಿಸದೆ ಹೊರಡಿಸುತ್ತಿದ್ದಳು. ಅವಳ ಸಂಗ್ರಹದಲ್ಲಿ ಎಲ್ಲಕ್ಕಿಂತ ನಯವಾದದ್ದು ಹಳೆಯ ರೋಲರಿನ ಸ್ಟಾರ್ಟರಿನ ಸದ್ದು. ಆ ಸ್ಟಾರ್ಟರು ಇದೇ ಮೂಲೆಯಲ್ಲಿ ಎಂಟು ವರ್ಷ, ತಟ್ಟೆಯಡಿ ಸಿಕ್ಕಿದ ದುಂಬಿಯ ಹಾಗೆ, ಝುಂ ಝುಂ ಎಂದು ಗೊಣಗಿ ಗೊಣಗಿ ಕಡೆಗೆ ಹತ್ತು ದಿನದ ಹಿಂದೆ ಸುಟ್ಟುಹೋಗಿತ್ತು. ಅದು ಸತ್ತ ಮೇಲೂ ಅದರ ದನಿ ಅವಳ ಹತ್ತಿರ ಉಳಿದಿತ್ತು.

ಬುದ್ಧಪ್ರಿಯ ಕಾಂಟ್ಯಾಕ್ಟರನ್ನು ಪೆಟ್ಟಿಗೆಯೊಳಗಿನ ಕಬ್ಬಿಣದ ಪಟ್ಟಿಗೆ ಕೂರಿಸಿದ. ಕ್ಲಿಕ್ ಎಂದು ಅದು ತನ್ನ ಮನೆಯೆಂಬಂತೆ ಕೂತಿತು; ಅಳುಕು ಅದಕ್ಕಿರಲಿಲ್ಲ. ಇಪ್ಪತ್ತೈದು ಎಂಬ ಅಂಕಿ ಎದುರಿಗೆ ಕಾಣುವಂತೆ, ಹನ್ನೆರಡು ಇದ್ದ ಡಬ್ಬಿ ಚೀಲದ ತಳ ಸೇರುವಂತೆ ನೋಡಿಕೊಂಡ. ಮೋಟಾರಿನ ಮೂರು ವೈರುಗಳನ್ನು ಕೊನೆಗೆ ಜೋಡಿಸುವುದೆಂದು ಹೊರಗೇ ಬಿಟ್ಟು, ಮೊದಲು ಕಾಂಟ್ಯಾಕ್ಟರನ್ನಷ್ಟೇ ಹಿಡಿಸಿ ಬಿಡಿಸಿ ನೋಡುವ ಪದ್ಧತಿಯಂತೆ ಬಾಗಿಲು ಮುಚ್ಚಿ ಹಸಿರು ಒತ್ತಿದ. ಟಕ್. ಕೆಂಪು. ಟಕ್. ಮತ್ತೆ ಹಸಿರು. ಟಕ್. ಅಯ್ಯಬ್ಬ ಎಂದು ಉಸಿರು ಬಿಡುವಷ್ಟರಲ್ಲಿ ಸಣ್ಣಗೆ ಶುರುವಾಯಿತು: ಝುಂಂಂಂ. ಬಾಗಿಲು ತೆರೆದ. ನಿಂತಿತು. ಕಾಯಿಲಿನ ಸ್ಕ್ರೂ ಬಿಗಿ ಮಾಡಿ ಬಾಗಿಲು ಹಾಕಿ ಎರಡು ಹೆಜ್ಜೆ ಹಿಂದೆ ಸರಿದ. ಝುಂಂಂಂ. ಬಾಗಿಲು ತೆರೆದು, ಉಸ್ತಾದರು ಕಲಿಸಿದ ಹಾಗೆ ಸ್ಕ್ರೂಡ್ರೈವರಿನ ತುದಿಯನ್ನು ಕಾಂಟ್ಯಾಕ್ಟರಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಡಾಕ್ಟರು ಎದೆ ಕೇಳುವಂತೆ ಕೇಳಿದ. ಒಳಗೆ ಮಲಗಿದ ಕೂಸಿನ ಉಸಿರಾಟದಷ್ಟೇ ಸದ್ದು. ಆರೋಗ್ಯ ಗಟ್ಟಿಮುಟ್ಟು. ಕಿವಿ ತೆಗೆದು ಬಾಗಿಲು ಮುಚ್ಚಿದರೆ ಝುಂಂಂಂ. ಸ್ವಿಚ್ಚು ಆರಿಸಿ, ಕಾಂಟ್ಯಾಕ್ಟರನ್ನು ಬಿಚ್ಚಿ, ಎರಡು ಕಬ್ಬಿಣದ ಮುಖಗಳು ಕೂಡುವ ಜಾಗವನ್ನು ಅಂಗಿಯ ತುದಿಯಿಂದ ಒರೆಸಿ, ಊದಿ, ಮತ್ತೆ ಒರೆಸಿ, ಮತ್ತೆ ಕೂರಿಸಿ ಹಸಿರು ಒತ್ತಿದ. ಝುಂಂಂಂ. ಹೆಂಗಸರ ಮೊರಗಳು ತಾಳ ತಪ್ಪಿದ್ದವು, ಒಬ್ಬಿಬ್ಬರು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು. ಹೊಟ್ಟಿನ ಧೂಳಿಗೆ ಕೆಮ್ಮು ಬಂದಿರಬೇಕೆಂದುಕೊಂಡ. "ಏನಾತಪಾ ತಮ್ಮಾ? ನಮಗೇನು ತಿಳಿಯಂಗಿಲ್ಲ ಬಿಡು, ಆದ್ರ ಹಳೀದೂ ಸಾಯಾಕ ಮದ್ಲ ಹಿಂಗ ಅಳ್ತಿತ್ತು" ಎಂದು ದೇವಕಮ್ಮ ಕಾಳಿನಿಂದ ಕಣ್ಣೆತ್ತದೆ ಹೇಳಿದಳು.

ಮೀಟರು ಹಿಡಿದು ನೋಡಿದ. ಇನ್ನೂರಾ ಮೂವತ್ತೊಂದು ವೋಲ್ಟು. ಈ ಭಾಗದಲ್ಲಿ ಸುಗ್ಗಿಯ ಹಗಲಲ್ಲಿ ಎಂದೂ ಬಾರದ, ಪುಸ್ತಕದಲ್ಲಷ್ಟೇ ಬರೆದಿರುವ ವೋಲ್ಟೇಜು ಇವತ್ತೇ, ಅವನ ಎಲ್ಲ ನೆಪಗಳನ್ನು ಕಸಿದುಕೊಳ್ಳಲೆಂದೇ ಬಂದು ನಿಂತಿತ್ತು. ಅವನಿಗೆ ಚೆನ್ನಾಗಿ ಗೊತ್ತಿತ್ತು: ಕಾಂಟ್ಯಾಕ್ಟರು ಗುಂಯ್‌ಗುಡುವುದು ಕಸ ಕೂತರೆ, ವೋಲ್ಟೇಜು ಇಳಿದರೆ, ಒಳಗಿನ ತಾಮ್ರದ ಬಳೆ ಒಡೆದರೆ. ಸಣ್ಣದನ್ನು ಆರಿಸಿದ್ದಕ್ಕೂ ಗುಂಯ್‌ಗುಡುವುದಕ್ಕೂ, ಅದೂ ಮೋಟಾರನ್ನೇ ಜೋಡಿಸದಿರುವಾಗ, ಸಂಬಂಧವೇ ಇಲ್ಲ. ಹದಿನಾಲ್ಕು ವರ್ಷದ ಅನುಭವ ಒಂದು ಕಡೆ ನಿಂತು ಇದನ್ನು ಸ್ಪಷ್ಟವಾಗಿ ಹೇಳುತ್ತಿತ್ತು. ಆದರೆ ಕಿವಿಯ ಹಿಂದೆ ಇನ್ನೊಬ್ಬ ಕೂತು, ಅದಕ್ಕೆ ಗೊತ್ತಾಗಿದೆ, ತನ್ನ ಮೇಲೆ ಏನು ಹೊರಿಸುತ್ತಾರೆಂದು ಅದಕ್ಕೆ ಮೊದಲೇ ಗೊತ್ತಾಗಿದೆ ಅನ್ನುತ್ತಿದ್ದ. ಸುರಪುರದ ಶಾಲೆಯಲ್ಲಿ ಹನ್ನೆರಡರ ಮಗ್ಗಿ ಬಾರದ ಬುದ್ಧಪ್ರಿಯ, ಇಡೀ ವರ್ಗ ಒಟ್ಟಿಗೆ ಹೇಳುವಾಗ ನಡುವಿನ ಸಾಲಿನಲ್ಲಿ ನಿಂತು ಝುಂ ಎಂದು ಗಂಟಲಲ್ಲೇ ರಾಗ ಎಳೆದು, ಕೊನೆಯ ನೂರಾ ಇಪ್ಪತ್ತನ್ನು ಮಾತ್ರ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಒಂದು ದಿನ ಮಾಸ್ತರು ಸಾಲಿನ ನಡುವೆ ನಡೆಯುತ್ತ ಬಂದು ಅವನ ಬಾಯಿಯ ಹತ್ತಿರ ಕಿವಿ ತಂದು ನಿಂತುಬಿಟ್ಟರು. ಬೆತ್ತ ಎತ್ತಲಿಲ್ಲ. ಸುಮ್ಮನೆ ಕೇಳಿಸಿಕೊಂಡು, ಮುಗುಳ್ನಕ್ಕು ಮುಂದೆ ಹೋದರು. ಹೊಡೆದಿದ್ದರೆ ಆವತ್ತೇ ಮುಗಿಯುತ್ತಿತ್ತು. ಬಾಗಿಲಿನ ತಗಡಿನಲ್ಲಿ ತನ್ನ ಹೆಸರು ತನ್ನ ಕಡೆಗೇ ಕಿವಿ ಹಚ್ಚಿ ನಿಂತಿರುವುದು ಕಂಡು ಬುದ್ಧಪ್ರಿಯ ಬೆವರೊರೆಸಿಕೊಂಡ. ಮೋಟಾರಿನ ಮೂರು ವೈರುಗಳನ್ನು ಕೈಗೆತ್ತಿಕೊಂಡ. ಕೆಂಪು, ಹಳದಿ, ನೀಲಿ. ಝುಂ ಅನ್ನಲಿ, ಜಪ ಮಾಡಲಿ, ಇವಿಷ್ಟು ಜೋಡಿಸಿಬಿಟ್ಟರೆ ರೋಲರಿನ ಗದ್ದಲದಲ್ಲಿ ಯಾವುದೂ ಕೇಳಿಸುವುದಿಲ್ಲ.

ಆಗಲೇ ಅಯ್ಯಣ್ಣ ತೆಂಗಿನಕಾಯಿ, ಊದುಬತ್ತಿ, ಕುಂಕುಮದ ಬಟ್ಟಲು ಹಿಡಿದು ಬಂದರು. ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆದು, ಅವನ ತಗಡಿನ ನಟ್ಟನಡುವೆ ಒಂದು ಕುಂಕುಮದ ಬೊಟ್ಟಿಟ್ಟರು. ಆಮೇಲೆ ಹೆಂಗಸರ ಕಡೆ ತಿರುಗಿ, "ದೇವಕಮ್ಮಾ, ಬಾ ಇಲ್ಲಿ. ರೋಲರಿನ ಬಾಯಿ ಕಟ್ಟತು ಅಂದ್ರ ಮದ್ಲ ಈ ಕೆಂಪು ಒತ್ತಬೇಕು. ಟಕ್ ಅಂದ ಮ್ಯಾಲ ಕೈ ಹಾಕಬೇಕು. ಅದಕ್ಕ ಮದ್ಲ ಹಾಕಬ್ಯಾಡ, ತಿಳೀತಿಲ್ಲ?" ಎಂದರು. ಕಟ್ಟಿದ ಕಾಳು ಕೆದರುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅವಳದೇ. ದೇವಕಮ್ಮ ಎದ್ದು ಬಂದು, ಹೊಸ ಗುಂಡಿಯನ್ನು ಹೆಬ್ಬೆರಳಿನಿಂದ ಹುಷಾರಾಗಿ, ಕೂಸಿನ ಗಲ್ಲ ಮುಟ್ಟಿದ ಹಾಗೆ ಒತ್ತಿದಳು. ಟಕ್. "ಟಕ್ ಅಂದ ಮ್ಯಾಲ ಕೈ" ಎಂದು ಪಾಠ ಒಪ್ಪಿಸಿ, ನಿಂತ ರೋಲರಿನ ಬಾಯೊಳಗೆ ಬಲಗೈಯನ್ನು ಮುಂಗೈವರೆಗೆ ಇಳಿಸಿ, ಎರಡು ಸಲ ಕೆದರಿ, ಹೊರಗೆ ತೆಗೆದು ತೋರಿಸಿದಳು. ನಾಲ್ಕು ಹಸಿರು ಬಳೆ. ತೊಗರಿಯ ಒರಟು ಹೊಟ್ಟಿಗೆ ಒಡೆದ ಬೆರಳುಗಳು. ತೋರುಬೆರಳಿನ ಉಗುರು ಎಂದೋ ಜಜ್ಜಿ ಕಪ್ಪಾಗಿತ್ತು. ಬುದ್ಧಪ್ರಿಯನ ಕಣ್ಣು ಆ ಉಗುರಿಗೆ ಅಂಟಿಕೊಂಡಿತು. ಸಣ್ಣ ಕಾಂಟ್ಯಾಕ್ಟರು ದೊಡ್ಡ ಭಾರ ಹೊತ್ತು ಹೊತ್ತು, ಒಂದು ದಿನ ಒಳಗಿನ ಬೆಳ್ಳಿಯ ತುದಿಗಳು ಕರಗಿ ಬೆಸೆದುಕೊಂಡು ಬಿಡುತ್ತವೆ. ಆಮೇಲೆ ಕೆಂಪು ಗುಂಡಿ ಇದ್ದೂ ಇಲ್ಲದ ಹಾಗೆ. ಹಿಂದೊಮ್ಮೆ ಹತ್ತಿ ಜಿನ್ನಿನಲ್ಲಿ ಹಾಗಾದಾಗ ಒಳಗೆ ಹೋದದ್ದು ಯಾರದೋ ಟವೆಲ್ಲು. ಉಸ್ತಾದರು ಓಡಿಹೋಗಿ ಮೇನ್ ಎಳೆಯುವಷ್ಟರಲ್ಲಿ ಅದು ಎಳೆ ಎಳೆಯಾಗಿ ಆ ಕಡೆಯಿಂದ ಹೊರಗೆ ಬಂದಿತ್ತು, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಇವನೂ ನಕ್ಕಿದ್ದ. ದೇವಕಮ್ಮ ಹಸಿರನ್ನೂ ಒಮ್ಮೆ ಒತ್ತಿ, ತನ್ನ ಜಾಗಕ್ಕೆ ಹೋಗಿ ಕೂತು ಮೊರ ಎತ್ತಿಕೊಂಡಳು. ಅಯ್ಯಣ್ಣ ಕಾಯಿ ಎತ್ತಿದರು. ಮತ್ತೆ, ಈ ಸಲ ಸ್ವಲ್ಪ ಮೇಲಿನ ಶ್ರುತಿಯಲ್ಲಿ, ಝುಂಂಂಂ.

"ಸಾವ್ಕಾರ್ರೆ, ಕಾಯಿ ಒಡಿಬ್ಯಾಡ್ರಿ" ಎಂದ ಬುದ್ಧಪ್ರಿಯ. ಕೈಯಲ್ಲಿದ್ದ ಮೂರು ವೈರು ಕೆಳಗೆ ಬಿಟ್ಟ. "ಸಣ್ಣದು ಹಾಕೇನಿ."

"ಏನ್ ಸಣ್ಣದು?"

"ಕಾಂಟ್ಯಾಕ್ಟರ್ ರೀ."

ಅಯ್ಯಣ್ಣ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇಪ್ಪತ್ತೈದು ಅಂತ ಬರದದಲ್ಲೋ ಮಾರಾಯಾ."

"ಅದು ಹೀಟರಿಗ್ರಿ. ಮೋಟಾರಿಗಂದ್ರ ಹನ್ನೆರಡ. ನಿಮ್ಮ ಮೋಟಾರ್ ಹದಿನಾಲ್ಕೂವರಿ ಎಳೀತದ. ಅಂಗಡಿ ಹುಡುಗ ಹೇಳಾಕ ಬಂದಿದ್ದ, ನಾ ಬಾಯಿ ಮುಚ್ಚಿಸಿದೆ. ಬಸ್ಸಿನಾಗ ಓದಿ ಗೊತ್ತಾತು. ಗೊತ್ತಾದ ಮ್ಯಾಲೂ ತಂದು ಹಾಕಿದೆ." ಇಷ್ಟು ಹೇಳಿದ್ದೇ ಉಳಿದದ್ದೂ ತಾನಾಗಿ ಬಂತು. "ಅದಕ್ಕ ನೋಡ್ರಿ, ಮುಂಜಾನಿಂದ ಝುಂ ಝುಂ ಅಂತ ಹೇಳಾಕತ್ತದ. ಮೂರು ಸಲ ಬಿಚ್ಚಿದೆ. ಬಿಡವಲ್ದು. ನನಗ ಇನ್ನ ಕೇಳಾಕ ಆಗಂಗಿಲ್ರಿ."

ಹೆಂಗಸರ ಸಾಲಿನಲ್ಲಿ ಏನೋ ಒಡೆಯಿತು. ಎಲ್ಲರಿಗಿಂತ ಕಿರಿಯಳಾದ ತರನ್ನುಮ ಮೊರವನ್ನು ಮುಖಕ್ಕೆ ಅಡ್ಡ ಹಿಡಿದಿದ್ದವಳು ಅದನ್ನು ಕೆಳಗೆ ಹಾಕಿ, "ಯಾ ಅಲ್ಲಾ! ಅದು ನಿಮ್ಮ ಪೆಟಗಿ ಅಲ್ಲರೀ ಭಯ್ಯಾ, ನಮ್ಮ ದೇವಕಮ್ಮಕ್ಕ!" ಎಂದು ಚೀರಿದಳು. ಉಳಿದವರು ಒಬ್ಬರ ಮೇಲೊಬ್ಬರು ಬಿದ್ದರು. ಸಾಕ್ಷಿಗೆಂದು ದೇವಕಮ್ಮ ಒಂದು ಸಲ, ಬಾಯಿ ತೆರೆದೇ, ಝುಂಂಂಂ ಎಂದು ತೋರಿಸಿದಳು. ಅಷ್ಟು ಹತ್ತಿರದಿಂದ, ಅಷ್ಟು ಚೊಕ್ಕವಾಗಿ ಬಂತೆಂದರೆ ಬುದ್ಧಪ್ರಿಯ ಅಭ್ಯಾಸಬಲದಿಂದ ಪೆಟ್ಟಿಗೆಯ ಕಡೆಗೇ ತಿರುಗಿ ನೋಡಿದ. ನಗು ಇಮ್ಮಡಿಯಾಯಿತು. ಅವನಿಗೆ ಮೊದಲು ಹೊಳೆದದ್ದು ಇಷ್ಟೇ: ಕಾಂಟ್ಯಾಕ್ಟರು ಏನೂ ಹೇಳಿರಲಿಲ್ಲ. ಅದು ಮುಂಜಾನೆಯಿಂದ ಬಾಯಿ ಮುಚ್ಚಿಕೊಂಡು, ಸೆರೆ ಸಿಕ್ಕರೂ ಜೊತೆಗಾರನ ಹೆಸರು ಹೇಳದ ಕಳ್ಳನ ಹಾಗೆ ಅವನ ಕಡೆಗೇ ನಿಂತಿತ್ತು. ಇನ್ನು ಐದು ನಿಮಿಷ ತಡೆದಿದ್ದರೆ ಕಾಯಿ ಒಡೆದು, ರೋಲರು ತಿರುಗಿ, ನಾಲ್ಕು ಪ್ಯಾನೆಲ್ ಕೈಗೆ ಬರುತ್ತಿದ್ದವು. ಒಬ್ಬ ಹೆಂಗಸಿನ ಗಂಟಲಿಗೆ ಹೆದರಿ ಎಲ್ಲವನ್ನೂ ತಾನೇ ಒಪ್ಪಿಸಿಬಿಟ್ಟಿದ್ದ.

ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದವಳು ದೇವಕಮ್ಮ. "ತಮ್ಮಾ, ಸಣ್ಣದ ಇತ್ತಂದ್ರ ಏನ್ ಆಗ್ತಿತ್ತು?" ಎಂದಳು.

"ಇವತ್ತಲ್ಲಕ್ಕಾ. ತಿಂಗಳಕ್ಕೋ, ಎರಡು ತಿಂಗಳಕ್ಕೋ, ಒಳಗ ಬೆಸದುಬಿಡ್ತದ. ನೀವು ಕೆಂಪು ಒತ್ತತೀರಿ. ಮೋಟಾರ್ ನಿಲ್ಲಂಗಿಲ್ಲ."

ಅವಳು ಬಲಗೈಯನ್ನು ಒಮ್ಮೆ ಮುಂದೆ ಮಾಡಿ, ಹಿಂದೆ ಮಾಡಿ ನೋಡಿ ಸೆರಗಿನೊಳಗೆ ಇಟ್ಟುಕೊಂಡಳು. ಸಾಲಿನ ನಗು ಒಂದೊಂದೇ ದೀಪ ಆರಿದಂತೆ ಆರಿತು.

ಅಯ್ಯಣ್ಣ ಎರಡು ಸಲ ಕೆಮ್ಮಿದರು. ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮೊಬೈಲು ತೆಗೆದು ಉಸ್ತಾದರಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಬುದ್ಧಪ್ರಿಯ ಬಸ್ಸಿನಿಂದ ಇಳಿಯದೆ ಕೂತದ್ದು ಇಂಥದೊಂದು ಫೋನು ತಪ್ಪಿಸಲೂ ಹೌದು. "ಉಸ್ತಾದ್, ನಿಮ್ಮ ಹುಡುಗ ಸಣ್ಣ ಕಾಂಟ್ಯಾಕ್ಟರ್ ಹಾಕಿದ್ದನಂತ." ಗಾಬರಿಯಲ್ಲಿ ಅವರ ಬಾಯಿಗೂ ಆ ಶಬ್ದ ಸರಿಯಾಗಿ ಬಂದಿತ್ತು. "ಕೌನ್ ಹಿಡಿದ್ರು?" "ಯಾರೂ ಹಿಡೀಲಿಲ್ಲ. ಅವನಽ ಹೇಳಿದ." "ಅವನಽ ಹೇಳಿದ್ನಾ?" "ಸಾವ್ಕಾರ್, ಹದಿನಾಲ್ಕು ವರ್ಷ ನನ್ನ ಕಡೆ ಇದ್ದ, ಇದೊಂದು ನಾ ಕಲಿಸಿದ್ದಲ್ಲ. ನಾ ಹಾಕಿದ ಸಣ್ಣವು ಎಷ್ಟೆಷ್ಟು ಕಡೆ ಅದಾವೋ, ಒಂದೂ ಬಾಯಿ ಬಿಟ್ಟು ಹೇಳಿಲ್ಲ ನಾ. ನಿಮ್ಮದ ಆ ಹಳೀ ಸ್ಟಾರ್ಟರ್—" ಇಲ್ಲಿಗೆ ಉಸ್ತಾದರಿಗೆ ಥಟ್ಟನೆ ಏನೋ ಹೊಳೆದಿರಬೇಕು. "ಹಲೋ? ಹಲೋ? ಟವರ್ ಸಿಗವಲ್ದು" ಎಂದು ಬಹಳ ಸ್ಪಷ್ಟವಾಗಿ ಹೇಳಿ ಫೋನು ಇಟ್ಟರು. ಅಯ್ಯಣ್ಣ ಮೊಬೈಲನ್ನೂ, ಮೂಲೆಯಲ್ಲಿ ಬಿದ್ದಿದ್ದ ಸುಟ್ಟ ಸ್ಟಾರ್ಟರನ್ನೂ ಸರದಿಯ ಮೇಲೆ ನೋಡಿದರು. "ಎಂಟು ವರ್ಷ" ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಬುದ್ಧಪ್ರಿಯನಿಗೆ, "ಖರೇದು ತರಸು. ಅದು ಬಂದು ತಿರುಗಲಿ. ಉಳಿದ ನಾಕು ನೀನ ಕಟ್ಟು, ಆದ್ರ ಒಂದೊಂದು ಡಬ್ಬಿ ಬಾಜೂಕ ಬರದದ್ದು ನನಗ ಓದಿ ಹೇಳಿ ಕಟ್ಟಬೇಕು" ಎಂದರು.

ತೌಫೀಕನಿಗೆ ಫೋನು ಮಾಡುವುದು ಅದಕ್ಕಿಂತ ಕಷ್ಟವಾಯಿತು. ಮೂರು ಸಲ ನಂಬರು ಒತ್ತಿ ಅಳಿಸಿದ. "ತಮ್ಮಾ ತೌಫೀಕ್, ಅದು... ಹದಿನೆಂಟರದು..." "ಬಾಜೂಕ ತೆಗೆದಿಟ್ಟೇನ್ರಿ ಅಣ್ಣಾ" ಎಂದಿತು ಆ ಕಡೆಯ ದನಿ. "ನೀವು ಹೋದ ಕೂಡ್ಲೇ ಇಟ್ಟೆ. ಈಗ ಬಸ್ ಬಿಡಾಕತ್ತದ, ಕಂಡಕ್ಟರ್ ಕೈಯಾಗ ಕಳಸ್ತೇನಿ. ನೀವು ಸ್ಟ್ಯಾಂಡಿಗೆ ಬಂದು ಇಸಕೋರಿ." ಅಣಕವಿರಲಿಲ್ಲ ಅದರಲ್ಲಿ, ಅದೇ ಚುಚ್ಚಿತು. ಮುಹೂರ್ತ ತಪ್ಪಿಸುವುದು ಬೇಡವೆಂದು ಅಯ್ಯಣ್ಣ ಹನ್ನೆರಡೂ ನಲವತ್ತಕ್ಕೆ ಸರಿಯಾಗಿ, ಮತ್ತೆ ಖಾಲಿಯಾದ ಪೆಟ್ಟಿಗೆಯ ಮುಂದೆಯೇ ಕಾಯಿ ಒಡೆದರು. ದೇವರಿಗೆ ಡೆಲಿವರಿ ತಡವಾಗುವುದು ಹೊಸದಲ್ಲ ಎಂಬ ಧಾಟಿಯಲ್ಲಿ ಎರಡೂ ಹೋಳು ಮೇಲ್ಮುಖವಾಗಿ ಬಿದ್ದವು.

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಹೆಂಗಸರು ಬುತ್ತಿ ಬಿಚ್ಚಿದರು. ಬುದ್ಧಪ್ರಿಯ ಪೆಟ್ಟಿಗೆಯ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದ. "ಏ ತಮ್ಮಾ, ಹೊಟ್ಟು ಹತ್ತಿದ್ರ ಹತ್ತಲಿ, ಬಾ ಕೂಡು" ಎಂದು ದೇವಕಮ್ಮ ಜರುಗಿ ಜಾಗ ಮಾಡಿದಳು. ಅವನು ಕೂತ. ಒಂದು ಜೋಳದ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ, ಶೇಂಗಾ ಹಿಂಡಿ ಅವನ ಅಂಗೈಗೆ ಬಂತು. "ನಾ ಹಂಗ ಅನಬಾರದಿತ್ತಕ್ಕಾ" ಎಂದು ರೊಟ್ಟಿಗೆ ಹೇಳಿದ. "ನೀ ಅಂದಿ, ನಾನೂ ಝುಂ ಅನಿಸಿದೆ. ಚುಕ್ತಾ" ಎಂದಳು ಅವಳು. ಅಯ್ಯಣ್ಣ ತಮ್ಮ ಖುರ್ಚಿ ಎಳೆದುಕೊಂಡು ಬಂದು ಹತ್ತಿರದಲ್ಲೇ ಕೂತು ಕಾಯಿಯ ಹೋಳು ಕೆತ್ತತೊಡಗಿದರು. ದೇವಕಮ್ಮ ನಾಲ್ಕು ತುತ್ತು ತಿಂದು, ಯೋಚಿಸಿ, "ಈಗ ನೀ ಒಂದು ಹೇಳು. ಅದು ಒಳಗ ಬೆಸದುಬಿಡ್ತದ ಅಂದ್ಯಲ್ಲ, ಆವಾಗ ಹೆಂಗ ಸಪ್ಪಳ ಬರ್ತದ? ಕಲ್ತಿಟ್ಕೋತೀನಿ" ಎಂದಳು.

ಬುದ್ಧಪ್ರಿಯ ಬಾಯಿ ತೆರೆದ. ಇದು ಅವನ ಕಸುಬು. ಹತ್ತಿ ಜಿನ್ನು, ಟವೆಲ್ಲು, ಉಸ್ತಾದರ ಓಟ, ಎಲ್ಲವನ್ನೂ ಕಿವಿಯಲ್ಲಿ ಹುಡುಕಿದ. ಏನೂ ಸಿಗಲಿಲ್ಲ. "ಸಪ್ಪಳನ ಬರಂಗಿಲ್ಲಕ್ಕಾ" ಎಂದ. "ಕೆಂಪು ಒತ್ತಿದ ಮ್ಯಾಲ ಟಕ್ ಅನ್ನಬೇಕಲ್ಲ, ಆ ಟಕ್ ಬರಂಗಿಲ್ಲ. ಅಷ್ಟ."

"ಬರಂಗಿಲ್ಲ?"

"ಬರಂಗಿಲ್ಲ."

ದೇವಕಮ್ಮ ರೊಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿದಳು. ಎಡಗೈಯ ಹೆಬ್ಬೆರಳಿನಿಂದ ಗಾಳಿಯಲ್ಲಿದ್ದ ಒಂದು ಗುಂಡಿ ಒತ್ತಿ, ತುಟಿ ಬಿಗಿದು, ಕಿವಿ ಓರೆ ಮಾಡಿ ಕಾದಳು. ಎಲ್ಲರೂ ಮುಂದಕ್ಕೆ ಬಗ್ಗಿದರು. ಏನೂ ಬರಲಿಲ್ಲ. ಬಲಗೈ ತಾನಾಗಿ ಅರ್ಧ ದಾರಿ ಮುಂದೆ ಹೋಗಿ, ನಿಂತು, ಅನುಮಾನಪಟ್ಟು, ಹಿಂದೆ ಬಂದು, ತೊಡೆಯ ಕೆಳಗೆ ಹೋಗಿ ಕೂತುಕೊಂಡಿತು. ಮತ್ತೊಮ್ಮೆ ಒತ್ತಿದಳು. ಹುಬ್ಬು ಮೇಲೇರಿತು. ಹತ್ತಿರ ಬಗ್ಗಿ, ಗುಂಡಿಯನ್ನು ಕಿವುಡ ಮಾವನನ್ನು ಕರೆಯುವ ಹಾಗೆ ಮೆಲ್ಲಗೆ ತಟ್ಟಿದಳು. ತಗಡಿನ ಮೇಲಿನ ಪಾರಿವಾಳ ಕೂಡ ನಡೆಯುವುದನ್ನು ನಿಲ್ಲಿಸಿತ್ತು. ಆ ಮೌನ ಎಷ್ಟು ಹದವಾಗಿ ಬಂತೆಂದರೆ, ಅಯ್ಯಣ್ಣ ಸಾವ್ಕಾರರು ಕೊಬ್ಬರಿ ಅಗಿಯುವುದನ್ನು ಬಿಟ್ಟು, ಖುರ್ಚಿಯ ತುದಿಗೆ ಬಂದು, ಪಿಸುದನಿಯಲ್ಲಿ ಕೇಳಿದರು: "ಬಂತೇನು?"

ದೇವಕಮ್ಮ ಗಂಭೀರವಾಗಿ ತಲೆಯಾಡಿಸಿದಳು. ಇಲ್ಲ.

ಬುದ್ಧಪ್ರಿಯ ಭೀಮಾ ಸೇತುವೆಯಿಂದ ಹಿಡಿದಿಟ್ಟದ್ದೇನೋ ಬಿಟ್ಟುಕೊಂಡಿತು. ಮೊದಲು ಮೂಗಿನಿಂದ, ಆಮೇಲೆ ಪಲ್ಯದ ಸಮೇತ ಬಾಯಿಂದ ನಗು ನುಗ್ಗಿತು. ರೊಟ್ಟಿ ಹಿಡಿದ ಕೈ ನೆಲಕ್ಕೂರಿ, ಕಣ್ಣಲ್ಲಿ ನೀರು ಸುರಿದು, ಉಸಿರು ಸಿಗದೆ, ಅವನು ಹೆಂಗಸರೆಲ್ಲರನ್ನೂ ಮೀರಿಸಿ, ಪಾರಿವಾಳಗಳೆಲ್ಲ ಭರ್ರೆಂದು ಎದ್ದುಹೋಗುವಷ್ಟು ಜೋರಾಗಿ ನಕ್ಕ. ಅವನ ನಗು ನೋಡಿ ಸಾವ್ಕಾರರೂ ಶುರುವಾದರು. "ಸಾಕ್ರಿ ಭಯ್ಯಾ, ಸಾಕು" ಎಂದು ತರನ್ನುಮ ಅವನ ಕಡೆಗೆ ಹೆಬ್ಬೆರಳು ಚಾಚಿ ಗಾಳಿಯಲ್ಲೇ ಒತ್ತಿದಳು, ಒಂದು ಸಲ, ಎರಡು ಸಲ, ಮೂರು ಸಲ. ಅವನು ನಿಲ್ಲಲಿಲ್ಲ.